ಎಲೆ ಹಸಿರಾಗಿದೆ, ಮೊಗ್ಗು ಮಾತ್ರ ಇಲ್ಲ: ಕ್ಯಾಂಪನುಲಾ ಯಾಕೆ ಹೂ ಬಿಡುತ್ತಿಲ್ಲ?

ಪ್ರಶ್ನೆ: ನರ್ಸರಿಯಿಂದ ಒಂದು ಪುಟ್ಟ ಕುಂಡ ತಂದೆ. ಲೇಬಲ್ ಮೇಲೆ ಕ್ಯಾಂಪನುಲಾ ಕಾರ್ಪಾಟಿಕಾ ಅಂತ ಇತ್ತು. ತಂದಾಗ ಎಲೆಯೇ ಕಾಣದಷ್ಟು ನೀಲಿ ಹೂವು. ಕೆಲವೇ ವಾರಗಳಲ್ಲಿ ಎಲ್ಲ ಬಾಡಿಹೋಯಿತು. ಆಮೇಲೆ ತಿಂಗಳುಗಟ್ಟಲೆ ಬರೀ ಎಲೆ. ದೊಡ್ಡ ಕುಂಡಕ್ಕೆ ಬದಲಾಯಿಸಿದೆ, ಹೂವಿನ ಗೊಬ್ಬರ ಹಾಕಿದೆ, ಜಾಸ್ತಿ ಬಿಸಿಲು ಬೀಳುವ ಕಡೆ ಇಟ್ಟೆ. ಎಲೆ ಹಸಿರಾಗಿದೆ, ಬುಡದಲ್ಲಿ ಮಾತ್ರ ಕೆಲವು ಹಳದಿ. ಮೊಗ್ಗು ಒಂದೂ ಇಲ್ಲ. ಗಿಡ ಹಾಳಾಯಿತಾ? ಇದನ್ನು ಬಿಟ್ಟು ಬೀಜದಿಂದ ಹೊಸದಾಗಿ ಬೆಳೆಸಲಾ?

ಉತ್ತರ: ಗಿಡ ಹಾಳಾಗಿಲ್ಲ, ಬಿಸಾಕಬೇಡಿ. ಎಲೆ ಹಸಿರಾಗಿದೆ ಅಂದರೆ ಬೇರು ಕೆಲಸ ಮಾಡುತ್ತಿದೆ. ಮೊಗ್ಗು ಬರದೇ ಇರುವುದಕ್ಕೆ ಗೊಬ್ಬರವೂ ಕಾರಣ ಅಲ್ಲ, ಕುಂಡವೂ ಅಲ್ಲ. ಹೂ ಬಿಡಬೇಕೋ ಬೇಡವೋ ಅನ್ನೋದನ್ನು ಈ ಗಿಡ ಹಗಲಿನ ಉದ್ದ ನೋಡಿ ತೀರ್ಮಾನಿಸುತ್ತದೆ. ಹಗಲು ಸುಮಾರು 14 ಗಂಟೆ ದಾಟಿದರೆ ಮೊಗ್ಗು ಕಟ್ಟುತ್ತದೆ. 12 ಗಂಟೆಯ ಆಸುಪಾಸಿನಲ್ಲೇ ಇದ್ದರೆ ಎಲೆ ಬಿಡುತ್ತಾ, ಮಣ್ಣಿಗೆ ಅಂಟಿಕೊಂಡು ಕೂತಿರುತ್ತದೆ. ಎಷ್ಟೇ ಆರೈಕೆ ಮಾಡಿದರೂ ಈ ಒಂದು ವಿಷಯ ಸರಿಹೋಗದೆ ಹೂವು ಸಿಗುವುದಿಲ್ಲ. ಕುಂಡದ ಲೇಬಲ್ ಮೇಲೆ ನೀರು, ಬಿಸಿಲು, ಎತ್ತರ ಎಲ್ಲ ಬರೆದಿರುತ್ತಾರೆ, ಇದನ್ನು ಬರೆದಿರುವುದಿಲ್ಲ. ಬರೆಯಲೇಬೇಕು ಅಂತ ನನ್ನ ಅಭಿಪ್ರಾಯ. ಗಟ್ಟಿಮುಟ್ಟಾದ ಗಿಡಗಳು ಈ ಒಂದು ಮಾತು ಗೊತ್ತಿಲ್ಲದೆ ಸುಮ್ನೆ ಕಸಕ್ಕೆ ಹೋಗುತ್ತಿವೆ.

ಗಿಡ ಎಲ್ಲಿಂದ ಬಂದದ್ದು ಅಂತ ನೋಡಿದರೆ ಇದರ ಹಟ ಅರ್ಥವಾಗುತ್ತದೆ. ಯುರೋಪಿನ ಪೂರ್ವ ಭಾಗದಲ್ಲಿ ಕಾರ್ಪಾಥಿಯನ್ ಅನ್ನುವ ಬೆಟ್ಟಸಾಲು ಇದೆ. ಸ್ಲೊವಾಕಿಯಾ, ಪೋಲೆಂಡ್, ಉಕ್ರೇನ್, ರೊಮೇನಿಯಾಗಳ ಮೇಲೆ ಬಿಲ್ಲಿನಂತೆ ಬಾಗಿ ಹೋಗುತ್ತದೆ. ಅಲ್ಲಿನ ಸುಣ್ಣಕಲ್ಲಿನ ಬಂಡೆಗಳ ಬಿರುಕುಗಳಲ್ಲಿ ಇದು ತಾನಾಗಿಯೇ ಬೆಳೆಯುತ್ತದೆ. 1770ರಲ್ಲಿ ನಿಕೊಲಾಸ್ ಜಾಕ್ವಿನ್ ಅನ್ನುವ ಸಸ್ಯಶಾಸ್ತ್ರಜ್ಞರು ಇದಕ್ಕೆ ಈಗಿನ ಹೆಸರು ಕೊಟ್ಟರು. ಕ್ಯಾಂಪನುಲಾ ಕುಲದಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ. ಆಳೆತ್ತರ ಬೆಳೆಯುವವೂ ಇವೆ, ಅಂಗೈಯಷ್ಟೇ ಇರುವವೂ ಇವೆ. ನಿಮ್ಮದು 15ರಿಂದ 30 ಸೆಂಟಿಮೀಟರ್ ಎತ್ತರದ್ದು. ಆ ಬೆಟ್ಟಗಳಲ್ಲಿ ಬೇಸಿಗೆಯ ನಡುವೆ ಹಗಲು 16 ಗಂಟೆಯವರೆಗೂ ಇರುತ್ತದೆ. ಚಳಿಗಾಲದಲ್ಲಿ ಎಲ್ಲ ಹಿಮದಡಿ. ಹಿಮ ಕರಗಿ, ಜೇನುಹುಳ ಓಡಾಡುವ ಕಾಲ ಬಂತು ಅಂತ ಗಿಡಕ್ಕೆ ತಿಳಿಸುವ ಗುರುತು ಯಾವುದು? ಶಾಖವನ್ನು ನಂಬುವ ಹಾಗಿಲ್ಲ, ಒಂದು ವರ್ಷ ಬೇಗ ಬರುತ್ತದೆ, ಒಂದು ವರ್ಷ ತಡ. ಹಗಲಿನ ಉದ್ದ ಯಾವ ವರ್ಷವೂ ತಪ್ಪುವುದಿಲ್ಲ. ಗಿಡ ಅದನ್ನೇ ಹಿಡಿದುಕೊಂಡಿದೆ.

ಹಾಗಾಗಿ ಮೊದಲು ನೀವಿರುವ ಕಡೆ ವರ್ಷದ ಅತಿ ಉದ್ದದ ಹಗಲು ಎಷ್ಟು ಗಂಟೆ ಅಂತ ನೋಡಿಕೊಳ್ಳಿ. ಸೂರ್ಯೋದಯ, ಸೂರ್ಯಾಸ್ತದ ಸಮಯ ಫೋನಿನಲ್ಲೇ ಸಿಗುತ್ತದೆ. ಸಮಭಾಜಕದ ಹತ್ತಿರ ವರ್ಷವಿಡೀ 12 ಗಂಟೆ ಚಿಲ್ಲರೆ. 15 ಡಿಗ್ರಿ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲೂ 13 ಗಂಟೆಯಷ್ಟೇ. 30 ಡಿಗ್ರಿಗೆ ಹೋದರೆ 14 ಗಂಟೆ, 40ಕ್ಕೆ 15 ಗಂಟೆ. ಅಂದರೆ 30 ಡಿಗ್ರಿಗಿಂತ ಕೆಳಗೆ, ಸಮಭಾಜಕದ ಕಡೆಗೆ ಬಂದಷ್ಟೂ ಈ ಗಿಡ ತಾನಾಗಿಯೇ ಹೂ ಬಿಡುತ್ತದೆ ಅನ್ನುವ ಭರವಸೆ ಕಡಿಮೆ. 40 ಡಿಗ್ರಿಯ ಆಚೆ ಇದ್ದರೆ ನೀವು ಏನೂ ಮಾಡಬೇಕಿಲ್ಲ, ಕಾಯಬೇಕು ಅಷ್ಟೆ. ಹಗಲು ಉದ್ದವಾಗುವ ಕಾಲ ಬಂದಾಗ ಮೊಗ್ಗು ಬಂದೇ ಬರುತ್ತದೆ.

ಹಾಗಾದರೆ ನರ್ಸರಿಯಲ್ಲಿ ಹೇಗೆ ಅಷ್ಟೊಂದು ಹೂ ಇತ್ತು ಅಂತ ಕೇಳಬಹುದು. ದೀಪ ಹಾಕಿರುತ್ತಾರೆ. ಕುಂಡದ ಕ್ಯಾಂಪನುಲಾ ಬೆಳೆಸುವುದು ದೊಡ್ಡ ಉದ್ಯಮ, ಡೆನ್ಮಾರ್ಕ್‌ನ ಗಾಜಿನ ಮನೆಗಳಿಂದಲೇ ರಾಶಿ ರಾಶಿ ಗಿಡ ಹೊರಬೀಳುತ್ತದೆ. ಅವರು ಮೊದಲು ಹಗಲು ಕಡಿಮೆ ಇಟ್ಟು ಗಿಡವನ್ನು ದಪ್ಪಗೆ, ಪೊದೆಯಾಗಿ ಬೆಳೆಸುತ್ತಾರೆ. ಆಮೇಲೆ ದೀಪ ಹಾಕಿ ಎಲ್ಲ ಗಿಡವೂ ಒಟ್ಟಿಗೆ ಹೂ ಬಿಡುವಂತೆ ಮಾಡುತ್ತಾರೆ. ಗಿಡ ಗಿಡ್ಡವಾಗಿ ಇರಲಿ ಅಂತ ಬೆಳವಣಿಗೆ ತಡೆಯುವ ಔಷಧ ಸಿಂಪಡಿಸುವುದೂ ಇದೆ. ನೀವು ಕೊಂಡದ್ದು ಹಾಗೆ ತಯಾರಾಗಿ ಬಂದ ಗಿಡ. ಮುಂದಿನ ಸಲ ಹೂ ಬಿಟ್ಟಾಗ ಕಾಂಡ ಸ್ವಲ್ಪ ಉದ್ದವಾಗಿ, ಗಿಡ ಅಷ್ಟು ಬಿಗಿಯಾಗಿ ಇಲ್ಲದಿದ್ದರೆ ಗಾಬರಿಯಾಗಬೇಡಿ. ಅದೇ ಅದರ ನಿಜವಾದ ರೂಪ, ನನಗೆ ಅದೇ ಹೆಚ್ಚು ಚಂದ ಕಾಣುತ್ತದೆ.

ನರ್ಸರಿಯವರು ಮಾಡುವ ಕೆಲಸವನ್ನು ಮನೆಯಲ್ಲೂ ಮಾಡಬಹುದು, ಕಷ್ಟವೇನಲ್ಲ. ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ನಡುವೆ ತುಂಡಾಗದ ಕತ್ತಲನ್ನು. ಎಲೆಯೊಳಗೆ ಫೈಟೋಕ್ರೋಮ್ ಅನ್ನುವ ಬಣ್ಣದ ವಸ್ತು ಇದೆ. ಬೆಳಕು ಬಿದ್ದಾಗ ಒಂದು ರೂಪ, ಕತ್ತಲಲ್ಲಿ ನಿಧಾನವಾಗಿ ಇನ್ನೊಂದು ರೂಪಕ್ಕೆ ಹೋಗುತ್ತದೆ. ರಾತ್ರಿಯ ನಡುವೆ ಒಂದಷ್ಟು ಹೊತ್ತು ಬೆಳಕು ಕೊಟ್ಟರೆ ಲೆಕ್ಕ ಮತ್ತೆ ಮೊದಲಿನಿಂದ ಶುರು. ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗುತ್ತವೆ, ಗಿಡ ಬೇಸಿಗೆ ಬಂತು ಅಂದುಕೊಳ್ಳುತ್ತದೆ. ಅದಕ್ಕೇ ಬೆಳೆಗಾರರು ರಾತ್ರಿ 10ರಿಂದ 2ರವರೆಗೆ, ನಾಲ್ಕು ಗಂಟೆ ದೀಪ ಹಾಕುತ್ತಾರೆ. ಇಲ್ಲವಾದರೆ ಸಂಜೆ ಕತ್ತಲಾಗುವ ಮೊದಲೇ ದೀಪ ಹಾಕಿ, ಹಗಲೂ ದೀಪವೂ ಸೇರಿ 16 ಗಂಟೆ ಆಗುವ ಹಾಗೆ ನೋಡಿಕೊಳ್ಳಬಹುದು. ಎರಡೂ ನಡೆಯುತ್ತದೆ. ಮನೆಯಲ್ಲಿ ಎರಡನೆಯದೇ ಸುಲಭ.

ಇದಕ್ಕೆ ದುಬಾರಿ ದೀಪ ಬೇಡ. ಗಿಡದ ಮಟ್ಟದಲ್ಲಿ 100 ಲಕ್ಸ್ ಸಿಕ್ಕರೆ ಸಾಕು. ಅಂದರೆ ಸಾಧಾರಣವಾಗಿ ಬೆಳಗಿದ ಕೋಣೆಯಷ್ಟು. ಮಾಮೂಲಿ 9 ವ್ಯಾಟ್ ಎಲ್‌ಇಡಿ ಬಲ್ಬಿಗೆ ಮೇಲೊಂದು ಮುಚ್ಚಳದಂಥ ಶೇಡ್ ಹಾಕಿ ಗಿಡದಿಂದ ಎರಡು ಮೂರು ಅಡಿ ಎತ್ತರದಲ್ಲಿ ತೂಗಿಬಿಡಿ. ಹಳದಿ ಬೆಳಕಿನ ಬಲ್ಬು, ಅಂದರೆ ವಾರ್ಮ್ ವೈಟ್, ಬಿಳಿಗಿಂತ ಮೇಲು. ಇಂಥ ಗಿಡಗಳಿಗೆ ಕೆಂಪು ಬೆಳಕೂ ಅದರಾಚೆಗಿನ ದೂರಗೆಂಪು ಬೆಳಕೂ ಒಟ್ಟಿಗೆ ಸಿಕ್ಕರೆ ಒಳ್ಳೆಯದು. ಹಳೆಯ ಕಾಲದ ತಂತಿ ಬಲ್ಬುಗಳಲ್ಲಿ ಎರಡೂ ಧಾರಾಳವಾಗಿ ಇರುತ್ತಿದ್ದವು, ಅದಕ್ಕೇ ಬೆಳೆಗಾರರು ಬಹಳ ವರ್ಷ ಅವನ್ನೇ ನೆಚ್ಚಿಕೊಂಡಿದ್ದರು. ದೀಪಕ್ಕೆ ಟೈಮರ್ ಇರಲಿ. ಒಂದು ದಿನ ಹಾಕಿ ಎರಡು ದಿನ ಮರೆತರೆ ಪ್ರಯೋಜನವಿಲ್ಲ. ಒಮ್ಮೆ ಶುರು ಮಾಡಿದರೆ ಮೊಗ್ಗು ಕಣ್ಣಿಗೆ ಕಾಣುವವರೆಗೂ ದಿನ ಬಿಡದೆ ನಡೆಸಬೇಕು. 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ದೀಪ ಹಾಕಿದ ದಿನದಿಂದ ಹೂ ಅರಳುವವರೆಗೆ ಸುಮಾರು ಎರಡು ತಿಂಗಳು ಹಿಡಿಯುತ್ತದೆ. ಮೊದಲು ಕಾಣುವುದು ಮೊಗ್ಗಲ್ಲ. ಮಣ್ಣಿಗೆ ಅಂಟಿಕೊಂಡಿದ್ದ ಎಲೆಗಳ ನಡುವಿನಿಂದ ಕಾಂಡಗಳು ಮೇಲಕ್ಕೆ ಏಳುತ್ತವೆ, ಎಲೆ ಎಲೆಗಳ ನಡುವೆ ಅಂತರ ಕಾಣತೊಡಗುತ್ತದೆ. ಅದು ಕಂಡರೆ ಗಿಡ ಒಪ್ಪಿಕೊಂಡಿತು ಅಂತ ತಿಳಿಯಿರಿ.

ಒಂದು ಎಚ್ಚರಿಕೆ. ಈ ದೀಪ ಗಿಡಕ್ಕೆ ಸುದ್ದಿ ಮುಟ್ಟಿಸುತ್ತದೆ, ಊಟ ಹಾಕುವುದಿಲ್ಲ. ಊಟಕ್ಕೆ ಹಗಲಿನ ನಿಜವಾದ ಬೆಳಕೇ ಬೇಕು. ಮನೆಯೊಳಗಿನ ಮೂಲೆಯಲ್ಲಿಟ್ಟು ಬರೀ ಬಲ್ಬು ಹಾಕಿದರೆ ಕಾಂಡ ನೂಲಿನಂತೆ ಉದ್ದವಾಗಿ, ನಾಲ್ಕು ಬಡಕಲು ಹೂ ಬಿಟ್ಟು ಮಲಗಿಬಿಡುತ್ತದೆ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಬೀಳುವ ಜಾಗ ಒಳ್ಳೆಯದು. ತಂಪು ಹವೆಯಿದ್ದರೆ ಇಡೀ ದಿನದ ಬಿಸಿಲನ್ನೂ ತಡೆದುಕೊಳ್ಳುತ್ತದೆ. ಬಿಸಿ ಹವೆಯಲ್ಲಿ ಮಧ್ಯಾಹ್ನದ ಬಿಸಿಲು ತಪ್ಪಿಸಲೇಬೇಕು.

ಗಿಡದ ವಯಸ್ಸೂ ಮುಖ್ಯ. ಎಳೆ ಸಸಿಗೆ ಎಷ್ಟು ದೀಪ ಹಾಕಿದರೂ ಮೊಗ್ಗು ಬರುವುದಿಲ್ಲ. ಕನಿಷ್ಠ ಹತ್ತು ಹನ್ನೆರಡು ಎಲೆ ಬಿಟ್ಟ ಮೇಲೆಯೇ ಅದಕ್ಕೆ ಹಗಲು ಎಣಿಸುವ ಶಕ್ತಿ ಬರುವುದು. ನಿಮ್ಮ ಗಿಡ ಆ ಹಂತ ಯಾವಾಗಲೋ ದಾಟಿದೆ. ತಿಂಗಳುಗಟ್ಟಲೆ ಬರೀ ಎಲೆ ಅಂತ ಬೇಜಾರು ಮಾಡಿಕೊಂಡಿದ್ದೀರಿ, ಅಲ್ವಾ? ಆ ಕಾಲ ವ್ಯರ್ಥವಾಗಿಲ್ಲ. ಬುಡದಿಂದ ಹೊಸ ಹೊಸ ಚಿಗುರು ಒಡೆದು ಗಿಡ ತುಂಬಿಕೊಂಡಿರುತ್ತದೆ. ಒಂದೊಂದು ಚಿಗುರೂ ಮುಂದೆ ಒಂದು ಹೂಕಾಂಡ. ಬೆಳೆಗಾರರು ಬೇಕೆಂದೇ ಮಾಡುವುದನ್ನು ನಿಮ್ಮ ಗಿಡ ತಾನಾಗಿಯೇ ಮಾಡಿಕೊಂಡಿದೆ.

ಈಗ ನೀವು ಮಾಡಿದ ಮೂರು ಕೆಲಸಗಳ ವಿಷಯ. ಬಿಸಿಲಿಗೆ ಇಟ್ಟದ್ದು ಸರಿ. ಗೊಬ್ಬರ ಬೇಕಿರಲಿಲ್ಲ. ಬಂಡೆ ಬಿರುಕಿನಲ್ಲಿ ಬೆಳೆದು ಬಂದ ಗಿಡಕ್ಕೆ ಸ್ವಲ್ಪದರಲ್ಲೇ ಬದುಕುವ ಅಭ್ಯಾಸ. ಸಾರಜನಕ ಜಾಸ್ತಿಯಾದರೆ ಎಲೆ ಮೆತ್ತಗೆ, ರಸಭರಿತವಾಗಿ ಬೆಳೆದು ಹುಳಕ್ಕೂ ಕೊಳೆಗೂ ಬೇಗ ಸಿಗುತ್ತದೆ. ಹೊಸ ಕಾಂಡ ಏಳುವಾಗ ದ್ರವ ಗೊಬ್ಬರವನ್ನು ಪ್ಯಾಕೆಟ್‌ನಲ್ಲಿ ಹೇಳಿದ ಅಳತೆಯ ಅರ್ಧಕ್ಕೆ ತಿಳಿ ಮಾಡಿ, ಎರಡು ವಾರಕ್ಕೊಮ್ಮೆ ಕೊಟ್ಟರೆ ಸಾಕು. ಎಲೆ ಬಿಡುತ್ತಾ ಸುಮ್ಮನೆ ಕೂತಿರುವ ಕಾಲದಲ್ಲಿ ತಿಂಗಳಿಗೊಮ್ಮೆಯೂ ಜಾಸ್ತಿಯೇ.

ದೊಡ್ಡ ಕುಂಡಕ್ಕೆ ಹಾಕಿದ್ದು ನನಗೆ ಚಿಂತೆ ತಂದ ವಿಷಯ. ಬುಡದ ಹಳದಿ ಎಲೆಗಳಿಗೆ ಅದೇ ಕಾರಣ ಇರಬಹುದು. ಒಂದೆರಡು ಹಳೆಯ ಎಲೆ ಹಳದಿಯಾಗಿ ಒಣಗಿ ಉದುರುವುದು ಸಹಜ. ಆದರೆ ಅವು ಒಣಗುವ ಬದಲು ಮೆತ್ತಗಾಗಿ, ತೊಟ್ಟಿನ ಹತ್ತಿರ ಕಂದುಬಣ್ಣ ತಿರುಗಿ, ಎಳೆದರೆ ಸಲೀಸಾಗಿ ಕೈಗೆ ಬಂದರೆ ಅದು ಬುಡ ಕೊಳೆಯುವ ಸೂಚನೆ. ಈಗಲೇ ಹೋಗಿ ನೋಡಿ. ಎಲೆಗಳನ್ನು ಬೆರಳಿಂದ ಬದಿಗೆ ಸರಿಸಿ ನಡುಬುಡ ನೋಡಿ. ಅಲ್ಲಿ ಬಿಗಿಯಾದ ಪುಟ್ಟ ಹಸಿರು ಚಿಗುರುಗಳ ಗೊಂಚಲು ಕಾಣಬೇಕು. ಅದರ ಬದಲು ಕಪ್ಪಾದ, ಒದ್ದೆಯಾದ, ಹುಳಿ ವಾಸನೆಯ ಭಾಗ ಇದ್ದರೆ ತಡಮಾಡದೆ ಗಿಡ ಹೊರತೆಗೆಯಿರಿ. ಕೊಳೆತದ್ದನ್ನೆಲ್ಲ ಚೊಕ್ಕ ಕತ್ತರಿಯಿಂದ ಕತ್ತರಿಸಿ, ಬಿಳಿ ಬೇರಿರುವ ಭಾಗವನ್ನು ಮಾತ್ರ ಉಳಿಸಿಕೊಂಡು, ಸಣ್ಣ ಕುಂಡದಲ್ಲಿ ಹೊಸ ಮಣ್ಣಿಗೆ ನೆಡಿ. ಕತ್ತರಿಸಿದ ಕಡೆ ಹಾಲಿನಂಥ ಬಿಳಿ ರಸ ಬರುತ್ತದೆ. ಈ ಕುಟುಂಬದ ಗಿಡಗಳ ಲಕ್ಷಣವೇ ಅದು, ಹೆದರಬೇಡಿ. ರಸ ಬಂತು ಅಂದರೆ ಆ ಭಾಗ ಬದುಕಿದೆ ಅಂತಲೇ ಅರ್ಥ.

ದೊಡ್ಡ ಕುಂಡದಿಂದ ಏನು ತೊಂದರೆ ಅಂದರೆ, ಬೇರು ಇಲ್ಲದ ಕಡೆಯ ಮಣ್ಣಿನಿಂದ ನೀರು ಹೀರುವವರು ಯಾರೂ ಇಲ್ಲ. ಮೇಲ್ಮಣ್ಣು ಒಣಗಿದಂತೆ ಕಾಣುತ್ತದೆ, ಒಳಗೆ ದಿನಗಟ್ಟಲೆ ಒದ್ದೆ. ಬೇರಿನ ಮುದ್ದೆಗಿಂತ ಎರಡು ಬೆರಳಷ್ಟು ಹೆಚ್ಚು ಅಗಲ ಇರುವ ಕುಂಡ ಸಾಕು. ಆಳಕ್ಕಿಂತ ಅಗಲ ಜಾಸ್ತಿ ಇರುವ ಮಣ್ಣಿನ ಕುಂಡ ಇದಕ್ಕೆ ಬಹಳ ಒಗ್ಗುತ್ತದೆ. ಗೋಡೆಯಿಂದಲೇ ತೇವ ಆರುತ್ತದೆ, ಬೇರೂ ತಂಪಾಗಿರುತ್ತದೆ. ಕೊಳೆ ಇಲ್ಲದಿದ್ದರೆ ಈಗ ಮತ್ತೆ ಕುಂಡ ಬದಲಾಯಿಸಿ ಗಿಡಕ್ಕೆ ತೊಂದರೆ ಕೊಡಬೇಡಿ, ನೀರು ಹಿಡಿತದಲ್ಲಿಟ್ಟರೆ ಆಯಿತು.

ಕ್ಯಾಂಪನುಲಾ ಸಾಯುವುದು ಹೆಚ್ಚಾಗಿ ನೀರಿನ ಕೈಯಲ್ಲೇ. ಬಾಡಿದಾಗ ನೀರು ಹಾಕುತ್ತೇವೆ. ಆದರೆ ಬೇರು ಕೊಳೆತ ಗಿಡವೂ ಬಾಡುತ್ತದೆ, ನೀರಿಲ್ಲದ ಗಿಡವೂ ಬಾಡುತ್ತದೆ. ಮೇಲಿಂದ ನೋಡಿದರೆ ಎರಡೂ ಒಂದೇ ಥರ. ವ್ಯತ್ಯಾಸ ತಿಳಿಯಲು ಕುಂಡ ಎತ್ತಿ ನೋಡಬೇಕು. ನೀರು ಹಾಕಿದ ಕೂಡಲೇ ಒಮ್ಮೆ ಎತ್ತಿ ಆ ತೂಕ ಕೈಗೆ ಪರಿಚಯ ಮಾಡಿಕೊಳ್ಳಿ. ಎರಡು ದಿನ ಬಿಟ್ಟು ಮತ್ತೆ ಎತ್ತಿ. ಹಗುರವಾಗಿದ್ದು ಬಾಡಿದ್ದರೆ ನೀರು ಬೇಕು. ಭಾರವಾಗಿದ್ದೂ ಬಾಡಿದ್ದರೆ ನೀರು ಹಾಕಿದಿರೋ ಗಿಡ ಹೋಯಿತು. ನೆರಳಿಗೆ ಸರಿಸಿ ಒಣಗಲು ಬಿಡಿ. ಹಾಕುವಾಗ ಬೆಳಗಿನ ಹೊತ್ತು, ಎಲೆಯ ಮೇಲೆ ಬೀಳದಂತೆ ಕುಂಡದ ಅಂಚಿನಿಂದ ಹಾಕಿ. ಕೆಳಗಿನ ತೂತಿನಿಂದ ನೀರು ಹರಿದು ಹೋಗುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರು ಅರ್ಧ ಗಂಟೆಯಲ್ಲಿ ಚೆಲ್ಲಿಬಿಡಿ. ದಿನಕ್ಕೊಂದು ಲೋಟ ಅನ್ನುವಂಥ ಲೆಕ್ಕ ಯಾವ ಗಿಡಕ್ಕೂ ಒಳ್ಳೆಯದಲ್ಲ, ಇದಕ್ಕಂತೂ ಅಲ್ಲವೇ ಅಲ್ಲ.

ಮಣ್ಣಿನ ಮಿಶ್ರಣ ಸರಳ. ಕೋಕೋಪೀಟ್ ಅಥವಾ ಒಳ್ಳೆಯ ತೋಟದ ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅರ್ಧ ಪಾಲು, ಪರ್ಲೈಟ್ ಅಥವಾ ದಪ್ಪ ಮರಳು ಒಂದು ಪಾಲು. ಅಂಗೈಯಲ್ಲಿ ಒದ್ದೆ ಮಿಶ್ರಣ ಹಿಡಿದು ಮುಷ್ಟಿ ಬಿಗಿದು ಬಿಟ್ಟಾಗ ಉಂಡೆಯಾಗಿ ನಿಲ್ಲಬಾರದು, ಪುಡಿಯಾಗಿ ಬಿರಿಯಬೇಕು. ಸುಣ್ಣದ ಅಂಶ ಇದ್ದರೆ ಈ ಗಿಡಕ್ಕೆ ಅಡ್ಡಿಯಿಲ್ಲ, ತೋಟದ ನೆಲ ಸ್ವಲ್ಪ ಕ್ಷಾರವಾಗಿದ್ದರೂ ಬೆಳೆಯುತ್ತದೆ. ಮೇಲ್ಭಾಗಕ್ಕೆ ಒಂದು ಪದರ ಸಣ್ಣ ಜಲ್ಲಿ ಹರಡಿ. ಬುಡದ ಸುತ್ತ ಒಣಗಿರುತ್ತದೆ, ಎಲೆ ಒದ್ದೆ ಮಣ್ಣಿಗೆ ತಾಗುವುದಿಲ್ಲ, ಬೇರು ತಂಪಾಗಿರುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಲಾಭ ಕೊಡುವುದು ಬೇರೆ ಯಾವುದೂ ಇಲ್ಲ ಅಂತಲೇ ಹೇಳಬೇಕು.

ಬಿಸಿ ಹವೆಯ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈ ಗಿಡಕ್ಕೆ ಹಿತವಾದದ್ದು 15ರಿಂದ 21 ಡಿಗ್ರಿ. ಹಿಮ ಬಿದ್ದರೂ ಬದುಕುತ್ತದೆ, 30 ಡಿಗ್ರಿ ದಾಟಿದ ರಾತ್ರಿ ಹಗಲುಗಳು ವಾರಗಟ್ಟಲೆ ನಡೆದರೆ ಸೊರಗುತ್ತದೆ. ಶಾಖ ಹೆಚ್ಚಾದಷ್ಟೂ ಮೊಗ್ಗು ಬೇಗ ಅರಳುತ್ತದೆ, ಆದರೆ ಹೂವಿನ ಗಾತ್ರ ಕುಗ್ಗುತ್ತದೆ. ತಂಪಿನಲ್ಲಿ 5 ಸೆಂಟಿಮೀಟರ್ ಅಗಲ ಅರಳುವ ಹೂವು ಸೆಕೆಯಲ್ಲಿ ಬಹಳ ಚಿಕ್ಕದಾಗಿ ಮುಗಿಸಿಬಿಡುತ್ತದೆ. ನಿಮ್ಮಲ್ಲಿ ಸೆಕೆ ಜಾಸ್ತಿ ಇದ್ದರೆ ದೀಪ ಹಾಕುವ ಕೆಲಸವನ್ನು ವರ್ಷದ ತಂಪು ತಿಂಗಳುಗಳಿಗೆ ಇಟ್ಟುಕೊಳ್ಳಿ. ಹಗಲು ಗಿಡ್ಡ, ಹವೆ ತಂಪು, ರಾತ್ರಿ ದೀಪ. ಬಿಸಿ ನಾಡಿನಲ್ಲಿ ಇದನ್ನು ಹೂ ಬಿಡಿಸಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಹೂ ಅರಳಿದ ಮೇಲೆ ಒಂದು ಹೂವನ್ನು ಹತ್ತಿರದಿಂದ ನೋಡಿ, ದಿನ ಬಿಟ್ಟು ದಿನ ಅದೇ ಹೂವನ್ನು. ಮೊಗ್ಗು ಇನ್ನೂ ಮುಚ್ಚಿರುವಾಗಲೇ ಐದು ಕೇಸರಗಳು ನಡುವಿನ ಕಡ್ಡಿಯನ್ನು ಸುತ್ತಿಕೊಂಡು, ಅದರ ಮೇಲಿನ ಸಣ್ಣ ರೋಮಗಳಿಗೆ ತಮ್ಮ ಪರಾಗವನ್ನೆಲ್ಲ ಬಳಿದುಬಿಡುತ್ತವೆ. ಹೂ ಬಿರಿಯುವ ಹೊತ್ತಿಗೆ ಕೇಸರಗಳು ಒಣಗಿ ಬುಡದಲ್ಲಿ ಸುರುಟಿ ಬಿದ್ದಿರುತ್ತವೆ. ಪರಾಗ ಹೊತ್ತು ನಿಂತದ್ದು ನಡುಕಡ್ಡಿ. ಜೇನುಹುಳ ಬಂದು ಅದನ್ನು ಒರೆಸಿಕೊಂಡು ಹೋಗುತ್ತದೆ. ರೋಮಗಳು ಒಳಕ್ಕೆ ಸರಿದುಕೊಳ್ಳುತ್ತವೆ. ಒಂದೆರಡು ದಿನ ಕಳೆದ ಮೇಲೆ ಕಡ್ಡಿಯ ತುದಿ ಮೂರಾಗಿ ಸೀಳಿ ಹೊರಕ್ಕೆ ಬಾಗುತ್ತದೆ. ಈಗ ಅದು ಬೇರೆ ಹೂವಿನ ಪರಾಗ ಪಡೆಯಲು ತಯಾರು. ಮೊದಲು ಕೊಡುವುದು, ಆಮೇಲೆ ಪಡೆಯುವುದು. ಈ ಎರಡು ಹಂತ ಬರಿಗಣ್ಣಿಗೇ ಕಾಣುತ್ತದೆ, ಭೂತಗನ್ನಡಿ ಇದ್ದರೆ ಇನ್ನೂ ಚಂದ. ಕುಂಡದ ಗಿಡಗಳಲ್ಲಿ ಇಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಹೂವು ಕಡಿಮೆ.

ಪರಾಗ ಪಡೆದ ಹೂವು ಬೇಗ ಬಾಡುತ್ತದೆ, ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ. ಬಾಡಿದ ಹೂವನ್ನು ತೊಟ್ಟಿನ ಸಮೇತ ಚಿವುಟುತ್ತಾ ಇದ್ದರೆ ಹೂ ಬಿಡುವ ಕಾಲ ಮುಂದುವರಿಯುತ್ತದೆ. ಮಾಗುವ ಹಣ್ಣು ಹೊರಬಿಡುವ ಎಥಿಲೀನ್ ಅನಿಲಕ್ಕೂ ಈ ಹೂವು ಬಹಳ ಸೂಕ್ಷ್ಮ. ಮಾಗಿದ ಹಣ್ಣಿನ ಬುಟ್ಟಿಯ ಪಕ್ಕ ಹೂ ತುಂಬಿದ ಕುಂಡ ಇಡಬೇಡಿ, ಅರಳಿದ ಹೂವು ಅವಧಿಗೆ ಮೊದಲೇ ಮುದುಡುತ್ತದೆ. ಎಲ್ಲ ಹೂವೂ ಮುಗಿದ ಮೇಲೆ ಕಾಂಡಗಳನ್ನು ಬುಡದ ಎಲೆಗಳ ಮೇಲ್ಮಟ್ಟಕ್ಕೆ ಕತ್ತರಿಸಿ. ಗಿಡ ಬೋಳಾಗಿ ಕಾಣುತ್ತದೆ, ಕೈ ಹಿಂದೆಗೆಯಬೇಡಿ. ಹಗಲು ಇನ್ನೂ ಉದ್ದ ಇದ್ದರೆ ಹೊಸ ಚಿಗುರಿನಲ್ಲಿ ಎರಡನೇ ಸುತ್ತು ಹೂ ಬರುತ್ತದೆ.

ಬೀಜದ ಬಗ್ಗೆ ಕೇಳಿದ್ದೀರಿ. ಖಂಡಿತ ಬೆಳೆಸಬಹುದು. ಆದರೆ ಹೂವಿಲ್ಲದ ಸಮಸ್ಯೆಗೆ ಅದು ಪರಿಹಾರ ಅಲ್ಲ, ಬೀಜದ ಗಿಡಕ್ಕೂ ಅದೇ ಉದ್ದ ಹಗಲು ಬೇಕು. ಬೀಜ ಧೂಳಿನಷ್ಟು ಸಣ್ಣ, ಒಂದು ಗ್ರಾಮಿನಲ್ಲಿ ಸಾವಿರಾರು. ಬ್ಲೂ ಕ್ಲಿಪ್ಸ್, ವೈಟ್ ಕ್ಲಿಪ್ಸ್, ಪರ್ಲ್ ಅನ್ನುವ ಹೆಸರಿನ ತಳಿಗಳು ಬೀಜವಾಗಿ ಸಿಗುತ್ತವೆ. ತಟ್ಟೆಗೆ ನುಣುಪಾದ ಮಿಶ್ರಣ ತುಂಬಿ, ಮೊದಲೇ ಒದ್ದೆ ಮಾಡಿ. ಬೀಜವನ್ನು ಒಣ ನುಣ್ಣನೆ ಮರಳಿನ ಜೊತೆ ಕಲಸಿ ಮೇಲೆ ಉದುರಿಸಿ. ಮೇಲಿಂದ ಮಣ್ಣು ಮುಚ್ಚಬೇಡಿ. ಬೀಜ ಮೊಳೆಯಲು ಬೆಳಕು ಬೇಕು. ಹೆಚ್ಚಿನವರ ಬೀಜ ಹುಟ್ಟದೇ ಇರುವುದು ಇಲ್ಲೇ, ಅಭ್ಯಾಸಬಲದಿಂದ ಒಂದು ಹಿಡಿ ಮಣ್ಣು ಹಾಕಿಬಿಡುತ್ತಾರೆ. ಅಂಗೈಯಿಂದ ಮೆಲ್ಲಗೆ ಒತ್ತಿ, ಪಾರದರ್ಶಕ ಮುಚ್ಚಳ ಹಾಕಿ, ನೆರಳಿರುವ ಬೆಳಕಿನಲ್ಲಿಡಿ. ನೀರನ್ನು ಮೇಲಿಂದ ಹಾಕದೆ ತಟ್ಟೆಯ ಕೆಳಗಿನಿಂದ ಹೀರಿಕೊಳ್ಳಲು ಬಿಡಿ. 18ರಿಂದ 21 ಡಿಗ್ರಿಯಲ್ಲಿ ಎರಡು ಮೂರು ವಾರಕ್ಕೆ ಹಸಿರು ಚುಕ್ಕೆಗಳು ಕಾಣುತ್ತವೆ. ಕಂಡ ಕೂಡಲೇ ಮುಚ್ಚಳ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ, ಇಲ್ಲದಿದ್ದರೆ ಸಸಿಗಳು ಬುಡದಲ್ಲಿ ಸೊರಗಿ ಮಲಗುತ್ತವೆ. ಒಂದೊಂದೇ ಸಸಿ ಬಿಡಿಸುವ ಗೋಜು ಬೇಡ. ನಾಲ್ಕೈದು ಸಸಿಗಳ ಗೊಂಚಲನ್ನು ಹಾಗೇ ಎತ್ತಿ ಒಂದು ಸಣ್ಣ ಕುಂಡಕ್ಕೆ ನೆಟ್ಟರೆ ಕುಂಡ ಬೇಗ ತುಂಬುತ್ತದೆ. ಬೆಳೆಗಾರರೂ ಹೀಗೇ ಮಾಡುತ್ತಾರೆ.

ನಿಮ್ಮದೇ ಗಿಡದ ಬೀಜ ಬೇಕಾದರೆ ಕೆಲವು ಹೂವು ಚಿವುಟದೆ ಬಿಡಿ. ಕಾಯಿ ಕಂದುಬಣ್ಣಕ್ಕೆ ತಿರುಗುವಾಗ ಕಣ್ಣಿಟ್ಟಿರಬೇಕು. ಅದು ಸೀಳಿ ಬಿರಿಯುವುದಿಲ್ಲ, ಮೇಲ್ಭಾಗದ ಪಕ್ಕದಲ್ಲಿ ಪುಟ್ಟ ಕಿಟಕಿಗಳು ತೆರೆದುಕೊಳ್ಳುತ್ತವೆ. ಗಾಳಿಗೆ ಕಾಂಡ ಅಲ್ಲಾಡಿದಾಗ ಅಲ್ಲಿಂದ ಬೀಜ ಚೆಲ್ಲುತ್ತದೆ. ಕಿಟಕಿ ತೆರೆಯುವ ಮೊದಲು ಕಾಯಿ ಕತ್ತರಿಸಿ ಕಾಗದದ ಲಕೋಟೆಗೆ ಹಾಕಿ. ಆ ಬೀಜದ ಗಿಡ ತಾಯಿಯಂತೆಯೇ ಇರಬೇಕೆಂದಿಲ್ಲ. ಬಣ್ಣ ತೆಳುವಾಗಬಹುದು, ಎತ್ತರ ಬದಲಾಗಬಹುದು.

ತಾಯಿಯಂಥದ್ದೇ ಗಿಡ ಬೇಕಾದರೆ ಬುಡ ಬಿಡಿಸಿ ನೆಡಿ. ಎರಡು ಮೂರು ವರ್ಷಕ್ಕೊಮ್ಮೆ ಇದು ಹೇಗೂ ಬೇಕು, ಯಾಕೆಂದರೆ ಹಳೆಯ ಗಿಡದ ನಡುಭಾಗ ಬರಡಾಗುತ್ತದೆ. ಹೂ ಇಲ್ಲದ, ತಂಪಾದ ಕಾಲದಲ್ಲಿ ಗಿಡ ಎತ್ತಿ, ಬೇರು ಚಿಗುರು ಎರಡೂ ಇರುವ ಹೊರಭಾಗದ ತುಂಡುಗಳನ್ನು ಕತ್ತರಿಸಿ ನೆಟ್ಟರೆ ಆಯಿತು. ಬುಡದ ಎಳೆ ಚಿಗುರನ್ನು 5 ಸೆಂಟಿಮೀಟರ್ ಉದ್ದಕ್ಕೆ ಕೊಯ್ದು ತೇವದ ಮರಳಿಗೆ ಚುಚ್ಚಿದರೂ ಬೇರು ಬಿಡುತ್ತದೆ.

ಗಿಡ ತಿನ್ನುವ ಜೀವಿಗಳಲ್ಲಿ ನಿಜವಾದ ಶತ್ರು ಬಸವನಹುಳು, ಮುಖ್ಯವಾಗಿ ಚಿಪ್ಪಿಲ್ಲದ ಜಾತಿ. ಒಂದೇ ರಾತ್ರಿಯಲ್ಲಿ ಎಳೆ ಚಿಗುರನ್ನೆಲ್ಲ ಮುಗಿಸುತ್ತದೆ. ಬೆಳಗ್ಗೆ ಹೊಳೆಯುವ ಅಂಟುಗೆರೆ ಕಂಡರೆ ರಾತ್ರಿ ಟಾರ್ಚ್ ಹಿಡಿದು ಕುಂಡದ ಅಡಿಯಲ್ಲೂ ಅಂಚಿನ ಕೆಳಗೂ ಹುಡುಕಿ ಹೆಕ್ಕಿಹಾಕಿ. ಒಣ ಹವೆಯಲ್ಲಿ ಜೇಡನುಸಿ, ಚಿಗುರಿಗೆ ಸಸ್ಯಹೇನು ಬರಬಹುದು. ನೀರಿನ ರಭಸದಿಂದ ತೊಳೆದು, ಅಗತ್ಯವಿದ್ದರೆ ಬೇವಿನ ಎಣ್ಣೆ ಸಿಂಪಡಿಸಿ. ಎಲೆಯ ಅಡಿಯಲ್ಲಿ ಕಿತ್ತಳೆ ಪುಡಿ ಕಂಡರೆ ಅದು ತುಕ್ಕು ರೋಗ, ಆ ಎಲೆಗಳನ್ನು ತೆಗೆದು ದೂರ ಹಾಕಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾರ್ಪಾಟಿಕಾ ಬಗ್ಗೆ. ಕ್ಯಾಂಪನುಲಾ ಅಂತ ಬರೀ ಮೊದಲ ಹೆಸರು ಹಾಕಿ ಬೇರೆ ಜಾತಿಗಳನ್ನೂ ಮಾರುತ್ತಾರೆ. ನಿಮ್ಮದು ನಿಜವಾಗಿ ಯಾವುದು ಅಂತ ಹೂವಿನ ನೆನಪಿನಿಂದ ಹೇಳಬಹುದು. ಬಟ್ಟಲಿನಂತೆ ಅಗಲವಾಗಿ ಬಾಯಿ ತೆರೆದು ಮೇಲಕ್ಕೆ ನೋಡುತ್ತಿದ್ದರೆ ಕಾರ್ಪಾಟಿಕಾ. ಸಣ್ಣ ನೇರಳೆ ಹೂವು, ಹರಡಿ ಚಾಪೆಯಂತೆ ಬೆಳೆದಿದ್ದರೆ ಪೋರ್ಟೆನ್‌ಶ್ಲಾಗಿಯಾನಾ ಇರಬಹುದು, ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯ ಬಂಡೆಗಳದ್ದು. ಅದಕ್ಕೆ ಹಗಲಿನ ಉದ್ದಕ್ಕಿಂತ ಮೊದಲು ಚಳಿ ಬೇಕು. 5 ಡಿಗ್ರಿಯಂಥ ತಂಪಿನಲ್ಲಿ ಹಲವು ವಾರ ಕಳೆಯದೆ ಅದು ಮೊಗ್ಗು ಕಟ್ಟುವುದಿಲ್ಲ, ದೀಪ ಹಾಕಿ ಪ್ರಯೋಜನವಿಲ್ಲ. ಅಗಲವಾದ ನಕ್ಷತ್ರದಂಥ ಹೂವು, ತೂಗುಬುಟ್ಟಿಯಿಂದ ಇಳಿಬಿದ್ದ ಕಾಂಡ ಇದ್ದರೆ ಐಸೊಫಿಲಾ. ಇಟಲಿಯ ವಾಯವ್ಯ ಕರಾವಳಿಯದು, ಚಳಿ ಬೇಡ, ಉದ್ದ ಹಗಲು ಸಾಕು. ನಿಮ್ಮ ಕಡೆ ಚಳಿಯೇ ಇಲ್ಲದಿದ್ದರೆ ಮುಂದಿನ ಸಲ ಕೊಳ್ಳುವಾಗ ಕಾರ್ಪಾಟಿಕಾ, ಐಸೊಫಿಲಾ ಇವೆರಡನ್ನು ಬಿಟ್ಟು ಬೇರೆ ಆರಿಸಬೇಡಿ.

ದೀಪ, ಟೈಮರ್ ಎಲ್ಲ ಆಗದ ಮಾತು ಅನ್ನಿಸಿದರೆ ಇದೇ ಕುಟುಂಬದ ಇನ್ನೆರಡು ಸಣ್ಣ ಗಿಡಗಳಿವೆ. ದಕ್ಷಿಣ ಆಫ್ರಿಕಾ ಮೂಲದ ಲೊಬೇಲಿಯಾ ಎರಿನಸ್ ಕಡುನೀಲಿ ಹೂವಿನ ವಾರ್ಷಿಕ ಗಿಡ. ತಂಪು ತಿಂಗಳುಗಳಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಕ್ಯಾಂಪನುಲಾ ಥರ ಅಲ್ಲ, ಅದರ ಮಣ್ಣು ಪೂರ್ತಿ ಒಣಗಲು ಬಿಡಬಾರದು. ಸೆಕೆ ಜಾಸ್ತಿ ಇರುವ ಕಡೆಗೆ ಆಸ್ಟ್ರೇಲಿಯಾದ ಐಸೊಟೋಮಾ ಆಕ್ಸಿಲಾರಿಸ್ ಇನ್ನೂ ವಾಸಿ. ನಕ್ಷತ್ರದಂಥ ತಿಳಿನೀಲಿ ಹೂವು, ಬಿಸಿಲನ್ನು ತಡೆಯುತ್ತದೆ, ತಿಂಗಳುಗಟ್ಟಲೆ ಹೂ ಬಿಡುತ್ತದೆ. ಕ್ಯಾಂಪನುಲಾದ ಹಾಲು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಐಸೊಟೋಮಾದ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತದೆ. ಲೊಬೇಲಿಯಾ ತಿಂದರೆ ವಿಷ. ಮನೆಯಲ್ಲಿ ಸಣ್ಣ ಮಕ್ಕಳು, ನಾಯಿ, ಬೆಕ್ಕು ಇದ್ದರೆ ಇವೆರಡನ್ನೂ ಎಟುಕದ ಎತ್ತರದಲ್ಲಿ ತೂಗುಹಾಕಿ. ಐಸೊಟೋಮಾ ಸವರುವಾಗ ಕೈಗವಸು ಹಾಕಿಕೊಳ್ಳಿ, ಕೈ ತೊಳೆಯುವವರೆಗೆ ಕಣ್ಣು ಉಜ್ಜಬೇಡಿ.